ಹೊಸ ಬಿಷಪ್ ಬಂದರು, ನಮ್ಮ ಪಾದ್ರಿಗೆ ಟ್ರಾನ್ಸ್‌ಫರ್ ಆಗುತ್ತಾ?

ಪ್ರಶ್ನೆ: ನಾವು ಕುಂಬಳೆ ಕಡೆಯವರು. ಬಾಸೆಲ್ ಮಿಷನ್ ಕಾಲದಿಂದ ಬಂದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕುಟುಂಬ. ಮಗಳು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನರ್ಸ್ ಆಗಿದ್ದಾಳೆ, ಅಲ್ಲಿಯ ಆಂಗ್ಲಿಕನ್ ಚರ್ಚಿಗೆ ಹೋಗುತ್ತಾಳೆ. ಆ ಡಯಾಸಿಸ್‌ಗೆ (ಒಬ್ಬ ಬಿಷಪ್ ನೋಡಿಕೊಳ್ಳುವ ಚರ್ಚುಗಳ ವಲಯಕ್ಕೆ) ಈಗ ಹೊಸ ಬಿಷಪ್ ಬಂದಿದ್ದಾರೆ, ಮಹಿಳೆ. ಪಾದ್ರಿಗಳ ಜೊತೆ ನಿಂತು ಕೆಲಸ ಮಾಡಲು ಬಂದಿದ್ದೇನೆ ಅಂತ ಮೊದಲ ದಿನವೇ ಹೇಳಿದರಂತೆ. ಮಗಳ ಚರ್ಚಿನ ವಿಕಾರ್ (ಅಲ್ಲಿಯ ಪಾದ್ರಿ) ತುಂಬ ಒಳ್ಳೆಯವರು, ಒಬ್ಬರೇ ನಾಲ್ಕು ಚರ್ಚು ನೋಡಿಕೊಳ್ಳುತ್ತಾರೆ. ಅವರನ್ನು ಎತ್ತಿ ಬೇರೆ ಕಡೆ ಹಾಕಿಬಿಡುತ್ತಾರಾ ಅಂತ ನನಗೆ ಆತಂಕ. ನಮ್ಮಲ್ಲಿ ಹೊಸ ಬಿಷಪ್ ಅಂದ ಕೂಡಲೇ ಜನ ಕಾಯುವುದು ಟ್ರಾನ್ಸ್‌ಫರ್ ಪಟ್ಟಿಗೆ ಅಲ್ವಾ? ‘ಜೊತೆ’ ಅನ್ನುವುದು ಬಾಯಿಮಾತೋ, ಅದಕ್ಕೆ ಅರ್ಥ ಇದೆಯೋ? ಮಹಿಳೆ ಅಂದರೆ ಅಲ್ಲಿಯ ಪಾದ್ರಿಗಳೆಲ್ಲ ಒಪ್ಪುತ್ತಾರಾ? ಇನ್ನೊಂದು ಸಣ್ಣ ವಿಷಯ: ಬಿಷಪ್ ಆ ಚರ್ಚಿಗೆ ಬರುವ ಭಾನುವಾರ ಮಗಳಿಗೆ ಕನ್ನಡದಲ್ಲಿ ಪ್ರಾರ್ಥನೆ ಮಾಡಲು ಹೇಳಿದ್ದಾರೆ. ಹಾಗೆ ಮಾಡಬಹುದಾ?
ಒಬ್ಬ ನಿವೃತ್ತ ಶಿಕ್ಷಕಿ, ಕಾಸರಗೋಡು ಜಿಲ್ಲೆ

ಉತ್ತರ: ಆತಂಕದ ವಿಷಯವನ್ನು ಮೊದಲು ಮುಗಿಸಿಬಿಡೋಣ. ಆ ವಿಕಾರ್ ಅವರನ್ನು ಹೊಸ ಬಿಷಪ್ ಎತ್ತಿ ಬೇರೆ ಕಡೆ ಹಾಕುವುದಿಲ್ಲ. ಹಾಕಬೇಕೆಂದರೂ ಆಗುವುದಿಲ್ಲ. ಇಂಗ್ಲೆಂಡಿನ ಚರ್ಚಿನಲ್ಲಿ ಬಿಷಪ್ ಸಹಿ ಹಾಕಿ ಹೊರಡಿಸುವ ಟ್ರಾನ್ಸ್‌ಫರ್ ಪಟ್ಟಿ ಅನ್ನುವುದೇ ಇಲ್ಲ.

ನೀವು ಕಾಸರಗೋಡಿನವರಾದ್ದರಿಂದ ಇದನ್ನು ಹೇಳುವುದು ನನಗೆ ಸುಲಭ. 1956ರವರೆಗೆ ನಿಮ್ಮದೂ ದಕ್ಷಿಣ ಕನ್ನಡವೇ. ಆ ಜಿಲ್ಲೆಯ ಹಳೇ ಜಮೀನು ಲೆಕ್ಕದಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಎರಡಿತ್ತು. ಮೂಲಗೇಣಿಯವನು ಗೇಣಿ ಸರಿಯಾಗಿ ಅಳೆದು ಕೊಡುತ್ತಿದ್ದರೆ ಧಣಿಗೆ ಅವನನ್ನು ಎಬ್ಬಿಸಲು ಆಗುತ್ತಿರಲಿಲ್ಲ. ಚಾಲಗೇಣಿಯವನು ಮಾತ್ರ ಧಣಿಯ ಮರ್ಜಿ ನೋಡಿಕೊಂಡೇ ಇರಬೇಕಿತ್ತು. ಇಂಗ್ಲೆಂಡಿನ ವಿಕಾರ್‌ಗಳು ಶತಮಾನಗಳ ಕಾಲ ಮೂಲಗೇಣಿಯವರು. ಮಕ್ಕಳಿಗೆ ದಾಟುವುದಿಲ್ಲ, ಅಷ್ಟೇ. ಇದನ್ನು ಅಲ್ಲಿ ಫ್ರೀಹೋಲ್ಡ್ ಅನ್ನುತ್ತಾರೆ. ವಿಕಾರ್ ತಾನಾಗಿ ರಾಜೀನಾಮೆ ಕೊಡಬೇಕು, ಇಲ್ಲವೇ ದೊಡ್ಡ ತಪ್ಪು ಮಾಡಿ ಸಿಕ್ಕಿಬೀಳಬೇಕು. ಅದು ಬಿಟ್ಟರೆ ಬಿಷಪ್‌ಗೆ ಅವರನ್ನು ಅಲ್ಲಾಡಿಸಲು ದಾರಿ ಇರಲಿಲ್ಲ. 2011ರ ಜನವರಿ 31ರಿಂದ ಹೊಸ ನೇಮಕಗಳಿಗೆ ‘ಕಾಮನ್ ಟೆನ್ಯೂರ್’ ಅನ್ನುವ ಬೇರೆ ನಿಯಮ ಬಂತು. ಈಗ ಕೆಲಸದ ಪರಿಶೀಲನೆ ಇದೆ. ಕೆಲಸ ತೀರಾ ಕೆಟ್ಟರೆ ಅದಕ್ಕೊಂದು ವಿಚಾರಣೆಯ ಕ್ರಮ ಇದೆ. ಆದರೂ ಸಾಮಾನ್ಯವಾಗಿ 70 ವರ್ಷದವರೆಗೆ ಕುರ್ಚಿ ಭದ್ರ. ಹಳೇ ಫ್ರೀಹೋಲ್ಡ್ ಇದ್ದವರು ಬೇಕಾದರೆ ಅದನ್ನೇ ಉಳಿಸಿಕೊಳ್ಳಬಹುದಿತ್ತು. ಹಾಗೆ ಉಳಿಸಿಕೊಂಡವರೂ ಇದ್ದಾರೆ.

ಒಂದು ಎಚ್ಚರಿಕೆ. ನಾಲ್ಕು ಚರ್ಚು ನೋಡಿಕೊಳ್ಳುತ್ತಾರೆ ಅಂದಿರಿ. ಅವರು ನಿಜಕ್ಕೂ ವಿಕಾರ್ ಹುದ್ದೆಯಲ್ಲಿ ಇದ್ದಾರಾ, ‘ಪ್ರೀಸ್ಟ್ ಇನ್ ಚಾರ್ಜ್’ ಆಗಿದ್ದಾರಾ ಅಂತ ಮಗಳು ಒಮ್ಮೆ ಕೇಳಿ ತಿಳಿದುಕೊಳ್ಳಲಿ. ಚರ್ಚುಗಳನ್ನು ಒಟ್ಟುಗೂಡಿಸುವ ಯೋಚನೆ ಇದ್ದಾಗ ಬಿಷಪ್ ಆ ಹುದ್ದೆಗೆ ಕಾಯಂ ನೇಮಕವನ್ನು ತಡೆಹಿಡಿಯಬಹುದು. ಒಂದು ಸಲಕ್ಕೆ ಐದು ವರ್ಷದವರೆಗೆ ತಡೆಯಬಹುದು, ಆಮೇಲೆ ಮುಂದುವರಿಸಲೂಬಹುದು. ಆಗ ಬರುವವರು ಪ್ರೀಸ್ಟ್ ಇನ್ ಚಾರ್ಜ್. ಭಾನುವಾರದ ಆರಾಧನೆಯಲ್ಲಿ ವ್ಯತ್ಯಾಸ ಏನೂ ಕಾಣುವುದಿಲ್ಲ. ಜನ ಅವರನ್ನೂ ವಿಕಾರ್ ಅಂತಲೇ ಕರೆಯುತ್ತಾರೆ. ಆದರೆ ಕಾಗದದಲ್ಲಿ ಅವರ ಭದ್ರತೆ ಅಷ್ಟು ಗಟ್ಟಿ ಇರುವುದಿಲ್ಲ. ಡಯಾಸಿಸ್‌ನವರು ಚರ್ಚುಗಳನ್ನು ಸೇರಿಸಲು ಹೊರಟರೆ ಮೊದಲು ತೊಂದರೆ ಆಗುವುದು ಇಂಥವರಿಗೆ.

ಇನ್ನು ‘ಜೊತೆ’ ಅನ್ನುವ ಮಾತಿಗೆ ಬರುತ್ತೇನೆ. ಅದು ಬಾಯಿಮಾತೋ ಅಂತ ಕೇಳಿದಿರಿ. ಇಂಗ್ಲೆಂಡಿನಲ್ಲಿ ಅದು ಬಿಷಪ್ ತೋರಿಸುವ ದೊಡ್ಡತನವೂ ಅಲ್ಲ, ಬಾಯಿಮಾತೂ ಅಲ್ಲ. ಅವರಿಗೆ ಬೇರೆ ದಾರಿಯೇ ಇಲ್ಲ. ಪಾದ್ರಿಯನ್ನು ಕದಲಿಸಲು ಆಗದ ಬಿಷಪ್ ಪಾದ್ರಿಯ ಮನಸ್ಸು ಗೆಲ್ಲಲೇಬೇಕು. ಅವರ ಕೈ ಎಷ್ಟು ಕಟ್ಟಿದೆ ಅಂತ ನೋಡಿ. ವಿಕಾರ್ ಹುದ್ದೆಗೆ ಹೆಸರು ಸೂಚಿಸುವ ಹಕ್ಕು ಎಷ್ಟೋ ಕಡೆ ಬಿಷಪ್ ಹತ್ತಿರ ಇಲ್ಲ. ಅದು ಪೇಟ್ರನ್ ಅನ್ನುವವರ ಹತ್ತಿರ ಇರುತ್ತದೆ. ಆ ಪೇಟ್ರನ್ ಹಳೇ ಜಮೀನ್ದಾರಿ ಮನೆತನ ಇರಬಹುದು, ಆಕ್ಸ್‌ಫರ್ಡಿನ ಒಂದು ಕಾಲೇಜು ಇರಬಹುದು, ಒಂದು ಟ್ರಸ್ಟ್ ಇರಬಹುದು, ಸಾಕ್ಷಾತ್ ರಾಜನೇ ಇರಬಹುದು. 1986ರ ಕಾನೂನಿನ ಪ್ರಕಾರ ಊರಿನ ಚರ್ಚಿನ ಪ್ರತಿನಿಧಿಗಳು ಈ ಹೆಸರು ಬೇಡ ಅಂತ ಹೇಳಬಹುದು. ದುಡ್ಡಿನ ವಿಷಯಕ್ಕೆ ಡಯಾಸಿಸ್‌ನ ಸಿನಡ್ ಅನ್ನುವ ಪ್ರತಿನಿಧಿ ಸಭೆ ಇದೆ, ಬೋರ್ಡ್ ಇದೆ. ಬಿಷಪ್ ಪೀಠ ಇರುವ ಮುಖ್ಯ ಚರ್ಚು, ಅಂದರೆ ಕೆಥೆಡ್ರಲ್ ಆದರೂ ಬಿಷಪ್ ಕೈಯಲ್ಲಿ ಇದೆಯಾ ಅಂದರೆ ಅದೂ ಇಲ್ಲ. ಅದನ್ನು ನಡೆಸುವುದು ಡೀನ್ ಅನ್ನುವ ಮುಖ್ಯ ಪಾದ್ರಿ ಮತ್ತು ಚಾಪ್ಟರ್ ಅನ್ನುವ ಆಡಳಿತ ಮಂಡಳಿ. ಅದಕ್ಕೇ ಹೊಸ ಬಿಷಪ್ ಬಂದ ದಿನ ಪಶ್ಚಿಮದ ದೊಡ್ಡ ಬಾಗಿಲು ಮುಚ್ಚಿರುತ್ತದೆ. ಬಿಷಪ್ ಹೊರಗೆ ನಿಂತು ತಮ್ಮ ಕೋಲಿನಿಂದ ಮೂರು ಸಲ ತಟ್ಟಬೇಕು. ಒಳಗಿನವರು ತೆರೆದ ಮೇಲೆಯೇ ಕಾಲಿಡುವುದು. ಟಿವಿಯಲ್ಲಿ ನೋಡಿದವರಿಗೆ ಇದು ನಾಟಕದ ಹಾಗೆ ಕಾಣುತ್ತದೆ. ನನಗೇನೋ ಇಡೀ ದಿನದ ಸಮಾರಂಭದಲ್ಲಿ ಅತಿ ಪ್ರಾಮಾಣಿಕವಾದ ಕ್ಷಣ ಅದೇ ಅನಿಸುತ್ತದೆ.

ಅಂದ ಹಾಗೆ, ಬಾಗಿಲು ತಟ್ಟುವ ಆ ದಿನ ಅವರು ಬಿಷಪ್ ಆಗುವ ದಿನ ಅಲ್ಲ. ಅದಕ್ಕೂ ಮೊದಲೇ ಆಗಿಬಿಟ್ಟಿರುತ್ತಾರೆ. 14 ಮತದಾರರ ಒಂದು ಸಮಿತಿ ಗುಟ್ಟಾಗಿ ಮತ ಹಾಕಿ ಹೆಸರು ಆರಿಸುತ್ತದೆ. ಮೂರರಲ್ಲಿ ಎರಡು ಪಾಲು ಮತ ಬೀಳಬೇಕು. ಬೀಳದಿದ್ದರೆ ಕುರ್ಚಿ ಖಾಲಿಯೇ ಉಳಿಯುತ್ತದೆ. 2023ರಲ್ಲಿ ಕಾರ್ಲೈಲ್‌ನಲ್ಲಿ, 2024ರಲ್ಲಿ ಈಲಿಯಲ್ಲಿ ಹೀಗೇ ಆಯಿತು. ಹೆಸರು ಗೊತ್ತಾದ ಮೇಲೆ ರಾಜನ ಒಪ್ಪಿಗೆ, ಕೆಥೆಡ್ರಲ್‌ನವರ ಚುನಾವಣೆ, ಕೊನೆಗೆ ವಕೀಲರ ಮುಂದೆ ಆ ಚುನಾವಣೆಯನ್ನು ಖಚಿತಪಡಿಸುವ ಒಂದು ಒಣ ಕಾರ್ಯಕ್ರಮ. ಕಾನೂನಿನ ಲೆಕ್ಕದಲ್ಲಿ ಅವರು ಆ ಡಯಾಸಿಸ್‌ನ ಬಿಷಪ್ ಆಗುವುದು ಆ ಒಣ ಕಾರ್ಯಕ್ರಮದಲ್ಲಿ. ಇದೆಲ್ಲ ಮುಗಿಯುವ ಹೊತ್ತಿಗೆ ಡಯಾಸಿಸ್‌ಗೆ ಬಿಷಪ್ ಇಲ್ಲದೆ ವರ್ಷ ಕಳೆದಿರುವುದೂ ಉಂಟು. ಅಷ್ಟು ದಿನ ಸಹಾಯಕ ಬಿಷಪ್, ಆರ್ಚ್‌ಡೀಕನ್‌ಗಳು (ಆಡಳಿತದಲ್ಲಿ ಬಿಷಪ್‌ಗೆ ನೆರವಾಗುವ ಹಿರಿಯ ಪಾದ್ರಿಗಳು) ಹೇಗೋ ತಳ್ಳಿಕೊಂಡು ಬಂದಿರುತ್ತಾರೆ. ಪಾದ್ರಿಗಳು ದಣಿದಿರುತ್ತಾರೆ. ಹೊಸ ಬಿಷಪ್ ಕಾಲಿಡುವುದು ಇಂಥ ಮನೆಗೆ.

ಬಂದ ಮೇಲೆ ಮೊದಲ ತಿಂಗಳುಗಳಲ್ಲಿ ಮಾಡುವ ಕೆಲಸ ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ಡಯಾಸಿಸ್ ಅನ್ನು ಡೀನರಿ ಅಂತ ಸಣ್ಣ ವಲಯಗಳಾಗಿ ಹಂಚಿರುತ್ತಾರೆ. ಒಂದೊಂದು ಡೀನರಿಯ ಪಾದ್ರಿಗಳನ್ನೂ ಬಿಷಪ್ ಕೂರಿಸಿಕೊಂಡು ಮಾತಾಡುತ್ತಾರೆ. ಕೆಲವರು ಒಬ್ಬೊಬ್ಬರ ಮನೆಗೂ ಹೋಗುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ವರ್ಷ ಇದೊಂದೇ ಕೆಲಸ ಸಾಕು. ಬಂದ ತಿಂಗಳಲ್ಲೇ ಹತ್ತು ವರ್ಷದ ಯೋಜನೆ, ಹೊಸ ಲೋಗೋ, ಹೊಸ ಘೋಷಣೆ ಬಿಡುಗಡೆ ಮಾಡುವ ಬಿಷಪ್‌ಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ. ನಾಲ್ಕು ಹಳ್ಳಿ, ನಾಲ್ಕು ಸೋರುವ ಮಾಡು, ನಾಲ್ಕು ಕಮಿಟಿ ಹೊತ್ತುಕೊಂಡಿರುವ ಪಾದ್ರಿಗೆ ಐದನೆಯದಾಗಿ ಒಂದು ಯೋಜನೆ ಬೇಕಾಗಿಲ್ಲ. ‘ನಿಮಗೆ ಕೊನೆಯ ಸಲ ಪೂರ್ತಿ ಒಂದು ದಿನ ರಜೆ ಸಿಕ್ಕಿದ್ದು ಯಾವಾಗ?’ ಅಂತ ಬಿಷಪ್ ಕೇಳಿದರೆ ಸಾಕು, ಅವರು ಮನಸ್ಸು ಬಿಚ್ಚುತ್ತಾರೆ.

ಬಿಷಪ್ ಮತ್ತು ಪಾದ್ರಿಗಳ ನಂಟು ಕಣ್ಣಿಗೆ ಕಾಣುವ ಸಂದರ್ಭಗಳು ಮೂರಿವೆ. ನಿಮ್ಮ ಮಗಳಿಗೆ ಇವು ನೋಡಲು ಸಿಗುತ್ತವೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು, ಹೊಸ ವಿಕಾರ್ ಬಂದಾಗ ಅವರನ್ನು ಹುದ್ದೆಯಲ್ಲಿ ಕೂರಿಸುವ ಸಂಜೆ. ಪಾದ್ರಿ ಮೊದಲು ಪ್ರಮಾಣ ಮಾಡುತ್ತಾರೆ. ಬಿಷಪ್‌ಗೆ ವಿಧೇಯನಾಗಿರುತ್ತೇನೆ ಅನ್ನುತ್ತಾರೆ, ಆದರೆ ‘ಕಾನೂನಿಗೆ ಸರಿಯಾದ, ಪ್ರಾಮಾಣಿಕವಾದ ಎಲ್ಲದರಲ್ಲಿ’ ಅನ್ನುವ ಷರತ್ತು ಅದರಲ್ಲೇ ಇದೆ. ಆಮೇಲೆ ಪಾದ್ರಿ ಬಿಷಪ್ ಎದುರು ಮೊಣಕಾಲೂರುತ್ತಾರೆ. ಬಿಷಪ್ ಕೈಯಲ್ಲಿ ಮೊಹರು ತೂಗುವ ದಪ್ಪ ಕಾಗದ ಇರುತ್ತದೆ. ಅದನ್ನು ಕೊಡುತ್ತಾ, ಈ ಊರಿನ ಆತ್ಮಗಳ ಆರೈಕೆಯನ್ನು ತೆಗೆದುಕೋ, ಇದು ನಿನ್ನದೂ ಹೌದು ನನ್ನದೂ ಹೌದು ಅನ್ನುತ್ತಾರೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ಪೂರ್ತಿ ಒಪ್ಪಿಸಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ, ಕೊಟ್ಟ ಮೇಲೆ ಕಿತ್ತುಕೊಳ್ಳುವ ಹಾಗೂ ಇಲ್ಲ. ಮುಂದಿನದು ಆರ್ಚ್‌ಡೀಕನ್ ಕೆಲಸ. ಅವರು ಪಾದ್ರಿಯ ಕೈ ಹಿಡಿದುಕೊಂಡು ಚರ್ಚಿನ ಬಾಗಿಲಿನ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಆ ಕೈಯನ್ನು ಕೀಲಿಯ ಮೇಲೆ ಇಡುತ್ತಾರೆ. ಪಾದ್ರಿ ಹೋಗಿ ಗಂಟೆ ಬಾರಿಸಬೇಕು. ಎಷ್ಟು ಸಲ ಬಾರಿಸುತ್ತಾರೋ ಅಷ್ಟು ವರ್ಷ ಇರುತ್ತಾರೆ ಅಂತ ಜನ ತಮಾಷೆಗೆ ಎಣಿಸುತ್ತಾರೆ. ಎರಡೇ ಸಲ ಬಾರಿಸಿ ನಿಲ್ಲಿಸಿದರೆ ಹಿಂದಿನ ಬೆಂಚುಗಳಲ್ಲಿ ಗುಸುಗುಸು ಶುರು.

ಎರಡು, ದೀಕ್ಷೆ. ಹೊಸ ಬಿಷಪ್ ಅಭಿಷೇಕದಲ್ಲಿ ತಲೆಯ ಮೇಲೆ ಕೈ ಇಡುವವರು ಬಿಷಪ್‌ಗಳು ಮಾತ್ರ. ಕಡಿಮೆ ಅಂದರೆ ಮೂವರು ಇರಬೇಕು ಅನ್ನುವ ಕ್ರಮ 325ರ ನಿಕೇಯ ಸಭೆಯಿಂದ ಬಂದದ್ದು. ಆದರೆ ಪಾದ್ರಿಯ ದೀಕ್ಷೆಯಲ್ಲಿ ಬಿಷಪ್ ಒಬ್ಬರೇ ಕೈ ಇಡುವುದಿಲ್ಲ. ಅಲ್ಲಿ ಸೇರಿದ ಪಾದ್ರಿಗಳೂ ಮುಂದೆ ಬಂದು ಸುತ್ತ ನಿಂತು ಕೈ ಇಡುತ್ತಾರೆ. ಹೊಸ ಪಾದ್ರಿ ಬಿಷಪ್‌ನಿಂದ ನೇಮಕವಾದ ನೌಕರ ಅಲ್ಲ, ಈಗಾಗಲೇ ಇರುವ ಒಂದು ಬಳಗಕ್ಕೆ ಸೇರುವವನು ಅನ್ನುವುದು ಅದರ ಹಿಂದಿನ ಯೋಚನೆ. ಕಾನೂನು ಕೂಡ ಬಹುಪಾಲು ಪ್ಯಾರಿಷ್ ಪಾದ್ರಿಗಳನ್ನು ನೌಕರರು ಅಂತ ನೋಡುವುದಿಲ್ಲ, ಹುದ್ದೆದಾರರು ಅಂತ ನೋಡುತ್ತದೆ.

ಮೂರನೆಯದು ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಬೆಳಿಗ್ಗೆ ಕೆಥೆಡ್ರಲ್‌ನಲ್ಲಿ ನಡೆಯುತ್ತದೆ. ಡಯಾಸಿಸ್‌ನ ಪಾದ್ರಿಗಳೆಲ್ಲ ಬಂದು ಸೇರುತ್ತಾರೆ. ದೀಕ್ಷೆಯ ದಿನ ಕೊಟ್ಟ ಮಾತುಗಳನ್ನು ಬಿಷಪ್ ಒಂದೊಂದಾಗಿ ಮತ್ತೆ ಕೇಳುತ್ತಾರೆ, ಅವರು ಮತ್ತೆ ಹೌದು ಅನ್ನುತ್ತಾರೆ. ಆಮೇಲೆ ಬಿಷಪ್ ತಮಗಾಗಿ ಪ್ರಾರ್ಥಿಸಲು ಅವರನ್ನು ಕೇಳಿಕೊಳ್ಳುತ್ತಾರೆ. ರೋಗಿಗಳಿಗೆ, ದೀಕ್ಷಾಸ್ನಾನಕ್ಕೆ ಅಂತ ಎಣ್ಣೆಗಳನ್ನು ಆಶೀರ್ವದಿಸುತ್ತಾರೆ, ಪಾದ್ರಿಗಳು ಸಣ್ಣ ಬಾಟಲಿಗಳಲ್ಲಿ ತುಂಬಿಸಿಕೊಂಡು ಊರಿಗೆ ಒಯ್ಯುತ್ತಾರೆ. ನಿಮ್ಮ ಕಡೆಯ ಬೇಳದ ಕಥೋಲಿಕ ಸ್ನೇಹಿತರನ್ನು ಕೇಳಿ ನೋಡಿ, ಅವರ ಪಾದ್ರಿಗಳೂ ಪವಿತ್ರ ವಾರದಲ್ಲಿ ಮಂಗಳೂರಿನ ಬಿಷಪ್ ಜೊತೆ ಇಂಥದ್ದೇ ಪೂಜೆಗೆ ಸೇರುತ್ತಾರೆ. ಹೊಸ ಬಿಷಪ್‌ಗೆ ಇದು ಒಂದು ಪರೀಕ್ಷೆ ಕೂಡ. ಎಷ್ಟು ಜನ ಬಂದಿದ್ದಾರೆ, ಯಾರು ಬಂದಿಲ್ಲ ಅನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಇಷ್ಟು ಓದಿ, ಅಲ್ಲಿ ಎಲ್ಲ ಚೆನ್ನಾಗಿದೆ, ನಮ್ಮಲ್ಲೇ ಕೆಟ್ಟಿದೆ ಅಂದುಕೊಳ್ಳಬೇಡಿ. ಕದಲಿಸಲಾಗದ ಪಾದ್ರಿ ಸೋಮಾರಿಯಾಗಿದ್ದರೆ ಅಥವಾ ಜಗಳಗಂಟರಾಗಿದ್ದರೆ ಊರು ಇಪ್ಪತ್ತು ವರ್ಷ ಸಹಿಸಬೇಕಾಗುತ್ತದೆ. ಬಿಷಪ್‌ಗೆ ದೂರು ಬರುತ್ತಲೇ ಇರುತ್ತದೆ, ಮಾಡಲು ಆಗುವುದು ಸ್ವಲ್ಪವೇ. ಇನ್ನೊಂದು ಇಕ್ಕಟ್ಟೂ ಇದೆ. 2003ರ ಶಿಸ್ತು ಕಾನೂನಿನ ಪ್ರಕಾರ ಪಾದ್ರಿಯ ಮೇಲಿನ ದೂರು ಹೋಗುವುದು ಬಿಷಪ್ ಮುಂದೆ. ಕಷ್ಟ ಹೇಳಿಕೊಳ್ಳಬೇಕಾದ ವ್ಯಕ್ತಿಯೇ ವಿಚಾರಣೆ ಮಾಡುವವರೂ ಆದರೆ ಪಾದ್ರಿ ಮನಸ್ಸು ಬಿಚ್ಚುವುದು ಹೇಗೆ? ಅದಕ್ಕೆ ದೂರು ಬಂದ ಮೇಲೆ ಪಾದ್ರಿಯ ಆರೈಕೆಗೆ ಬೇರೊಬ್ಬರನ್ನು ಗೊತ್ತುಮಾಡಿ ಬಿಷಪ್ ಸ್ವಲ್ಪ ದೂರ ನಿಲ್ಲುತ್ತಾರೆ. ನಿಮ್ಮ ಮಗಳ ಬಿಷಪ್ ‘ಜೊತೆ ನಿಲ್ಲುತ್ತೇನೆ’ ಅಂದಾಗ ಅಲ್ಲಿಯ ಅನುಭವಿ ಪಾದ್ರಿಗಳು ಒಳಗೊಳಗೇ ನಕ್ಕಿರಬಹುದು. ಅದರ ಕಾರಣ ಇದೇ.

ಅತಿಯಾದ ‘ಜೊತೆ’ಯೂ ಅಪಾಯ. ಹುಡುಗರ ಕ್ರೈಸ್ತ ಶಿಬಿರಗಳನ್ನು ನಡೆಸುತ್ತಿದ್ದ ಜಾನ್ ಸ್ಮಿತ್ ಅನ್ನುವ ವಕೀಲ ವರ್ಷಗಟ್ಟಲೆ ಹುಡುಗರಿಗೆ ಹಿಂಸೆ ಕೊಟ್ಟಿದ್ದ. ವಿಷಯ ಗೊತ್ತಿದ್ದವರು ಚರ್ಚಿನ ಒಳಗೇ ಮುಚ್ಚಿಟ್ಟರು. 2024ರ ನವೆಂಬರಿನಲ್ಲಿ ಅದರ ವರದಿ ಹೊರಬಂತು. 2013ರಲ್ಲಿ ತಿಳಿದ ಮೇಲೂ ಮಾಡಬೇಕಾದಷ್ಟು ಮಾಡಲಿಲ್ಲ ಅನ್ನುವ ಮಾತು ಆ ಚರ್ಚಿನ ಅತಿ ಹಿರಿಯ ಬಿಷಪ್, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅವರ ಮೇಲೇ ಬಂತು, ಅವರು ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ 2025ರ ಅಕ್ಟೋಬರಿನಲ್ಲಿ ಹೆಸರಾದವರು ಸಾರಾ ಮುಲ್ಲಾಲಿ. ಅವರು ಮೊದಲು ನರ್ಸ್ ಆಗಿದ್ದವರು, ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿ ಹುದ್ದೆಯವರೆಗೆ ಹೋದವರು. ಇದನ್ನು ಮಗಳಿಗೆ ಹೇಳಿ, ಖುಷಿ ಆದೀತು. ನಮ್ಮವರು ಅಂತ ತಪ್ಪು ಮುಚ್ಚುವುದು ಜೊತೆ ನಿಲ್ಲುವುದಲ್ಲ ಅನ್ನುವುದು ಈಗ ಅಲ್ಲಿಯ ಪ್ರತಿ ಹೊಸ ಬಿಷಪ್‌ಗೂ ಗೊತ್ತು. ಪಾದ್ರಿಗಳ ಗೆಳೆತನವೂ ಬೇಕು, ದೂರು ಬಂದ ದಿನ ಆ ಗೆಳೆತನ ಅಡ್ಡ ಬರಲೂಬಾರದು. ಹೇಳಿದಷ್ಟು ಸುಲಭ ಅಲ್ಲ ಇದು.

ಮಹಿಳೆ ಅಂದರೆ ಎಲ್ಲರೂ ಒಪ್ಪುತ್ತಾರಾ ಅಂತ ಕೇಳಿದ್ದೀರಿ. ಇಲ್ಲ. ಇಂಗ್ಲೆಂಡಿನ ಮೊದಲ ಮಹಿಳಾ ಬಿಷಪ್ ಲಿಬಿ ಲೇನ್. 2015ರ ಜನವರಿಯಲ್ಲಿ ಯಾರ್ಕ್ ಮಿನ್‌ಸ್ಟರ್‌ನಲ್ಲಿ ಅವರ ಅಭಿಷೇಕ ನಡೆಯುವಾಗ ಒಬ್ಬ ಪಾದ್ರಿ ಎದ್ದು ನಿಂತು ಇದು ಬೈಬಲಿನಲ್ಲಿ ಇಲ್ಲ ಅಂತ ಕೂಗಿದರು. ಆರ್ಚ್‌ಬಿಷಪ್ ಇನ್ನೊಮ್ಮೆ ಜನರ ಒಪ್ಪಿಗೆ ಕೇಳಿದರು, ಜನ ಗಟ್ಟಿಯಾಗಿ ಒಪ್ಪಿದರು, ಅಭಿಷೇಕ ಮುಂದುವರಿಯಿತು. 2014ರಲ್ಲೇ ಇದಕ್ಕೊಂದು ರಾಜಿ ಸೂತ್ರ ಮಾಡಿಟ್ಟಿದ್ದರು. ಮಹಿಳಾ ಬಿಷಪ್ ಅಥವಾ ಮಹಿಳಾ ಪಾದ್ರಿಯನ್ನು ಒಪ್ಪದ ಚರ್ಚಿನವರು ನಿರ್ಣಯ ಮಾಡಿದರೆ ಆರಾಧನೆಗೆ, ದೀಕ್ಷೆಗೆ ಬೇರೆ ಬಿಷಪ್ ಬರುತ್ತಾರೆ. ಎಬ್ಸ್‌ಫ್ಲೀಟ್, ಬೆವರ್ಲಿ, ಫುಲಂ ಬಿಷಪ್‌ಗಳು ಇಂಥವರು. ಆದರೆ ಕಾನೂನಿನ ಬಿಷಪ್ ಡಯಾಸಿಸ್‌ನ ಆ ಮಹಿಳೆಯೇ ಅಂತ ಆ ಚರ್ಚಿನ ಪಾದ್ರಿಯೂ ಒಪ್ಪಬೇಕು, ಪ್ರಮಾಣ ಅವರಿಗೇ ಮಾಡಬೇಕು. ಅಂದರೆ ನಿಮ್ಮ ಮಗಳ ಬಿಷಪ್ ತಮ್ಮ ಕೈಯಿಂದ ಪ್ರಭುಭೋಜನ ತೆಗೆದುಕೊಳ್ಳದ ಕೆಲವು ಪಾದ್ರಿಗಳ ಮನೆಗೂ ಹೋಗಿ ಚಹಾ ಕುಡಿದು ಅವರ ಆರೋಗ್ಯ ವಿಚಾರಿಸಬೇಕಾಗುತ್ತದೆ. ಚೆನ್ನಾಗಿ ಹೊಂದಿಕೊಂಡು ಹೋದವರೂ ಇದ್ದಾರೆ, ಹಲ್ಲು ಕಚ್ಚಿಕೊಂಡು ಹೋದವರೂ ಇದ್ದಾರೆ.

ಈ ವಿಷಯದಲ್ಲಿ ನಾವೇ ಮುಂದೆ ಅನ್ನುವುದು ನಿಮಗೆ ಗೊತ್ತೇ? ಸಿ.ಎಸ್.ಐ.ಯ ಮೊದಲ ಮಹಿಳಾ ಬಿಷಪ್ ಪುಷ್ಪಲಲಿತಾ ಅವರು 2013ರಲ್ಲೇ ಅಭಿಷೇಕವಾದರು, ಇಂಗ್ಲೆಂಡಿಗಿಂತ ಮೊದಲು. ಅದೂ ಎಲ್ಲಿಗೆ? ಆಂಧ್ರದ ನಂದ್ಯಾಲಕ್ಕೆ. ಆಗ ಅದು ಕರ್ನೂಲು ಜಿಲ್ಲೆ, ಬಳ್ಳಾರಿ, ರಾಯಚೂರಿಗೆ ತಾಗಿಕೊಂಡಿರುವ ಜಿಲ್ಲೆ. 1947ರಲ್ಲಿ ಸಿ.ಎಸ್.ಐ. ಹುಟ್ಟಿದಾಗ ‘ನಾವು ಸೇರುವುದಿಲ್ಲ, ಆಂಗ್ಲಿಕನ್ ಆಗಿಯೇ ಇರುತ್ತೇವೆ’ ಅಂತ ಹಟ ಹಿಡಿದವರಲ್ಲಿ ನಂದ್ಯಾಲದವರೇ ಜಾಸ್ತಿ. ಬಿಷಪ್‌ನಿಂದ ದೀಕ್ಷೆ ಪಡೆಯದ ಪಾದ್ರಿಗಳೂ ಹೊಸ ಸಭೆಯಲ್ಲಿ ಇರುತ್ತಾರಲ್ಲ ಅನ್ನುವುದು ಅವರ ತಕರಾರು. ಅವರು ಬಂದು ಸೇರಿದ್ದು 1970ರ ದಶಕದಲ್ಲಿ. ಅಷ್ಟು ಸಂಪ್ರದಾಯದ ಜಾಗಕ್ಕೆ ಮೊದಲ ಮಹಿಳಾ ಬಿಷಪ್ ಬಂದರು ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ನಿಮ್ಮ ಕುಟುಂಬದ ಹಿನ್ನೆಲೆ ಇದರ ಇನ್ನೊಂದು ತುದಿ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಾಗ ಅವರ ಹತ್ತಿರ ಬಿಷಪ್ ಅನ್ನುವವರೇ ಇರಲಿಲ್ಲ. ಸಭಾಪಾಲಕರು, ಸಭೆಯ ಹಿರಿಯರು, ಮೇಲೊಂದು ಸಮಿತಿ, ಅಷ್ಟೇ. ಮಲಬಾರಿನ ಬಾಸೆಲ್ ಸಭೆಗಳು 1919ರಲ್ಲಿ ದಕ್ಷಿಣ ಭಾರತ ಸಂಯುಕ್ತ ಸಭೆಗೆ ಸೇರಿ, ಆ ದಾರಿಯಿಂದ ಸಿ.ಎಸ್.ಐ.ಗೆ ಬಂದವು. ದಕ್ಷಿಣ ಕನ್ನಡದವು ತಡವಾಗಿ ಸೇರಿದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಸಿ.ಎಸ್.ಐ. ಶುರುವಾದಾಗ ಬಿಷಪ್ ಇರಲಿ, ಆದರೆ ಸಂವಿಧಾನಕ್ಕೆ ಒಳಪಟ್ಟು ಇರಲಿ ಅನ್ನುವುದು ಒಪ್ಪಂದ. ಬಿಷಪ್ ಅಂದರೆ ಧಣಿ ಅನ್ನುವ ಭಯ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಅನ್ನುವ, ಬಿಷಪ್ ಇಲ್ಲದ ಸಭೆಗಳಿಂದ ಬಂದವರಿಗೆ ತುಂಬ ಇತ್ತು. ಆ ಭಯ ಪೂರ್ತಿ ಸುಳ್ಳಾಗಲಿಲ್ಲ ಅನ್ನುವುದು ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತದೆ.

ನಮ್ಮಲ್ಲಿ ಸಭಾಪಾಲಕರು ಡಯಾಸಿಸ್‌ಗೆ ಸೇರಿದವರು. ಕೆಲವು ವರ್ಷಕ್ಕೊಮ್ಮೆ ಸಭೆ ಬದಲಾಗುತ್ತದೆ. ಸಮಿತಿ ಇದೆ ನಿಜ, ಆದರೆ ಬಿಷಪ್ ಮಾತಿಗೆ ತೂಕ ಜಾಸ್ತಿ. ಟ್ರಾನ್ಸ್‌ಫರ್ ಪದ್ಧತಿಯೇ ತಪ್ಪು ಅಂತ ನಾನು ಹೇಳುವುದಿಲ್ಲ. ಸಣ್ಣ ಸಭೆಯಲ್ಲಿ ನಾಲ್ಕು ಮನೆತನಗಳ ಜಗಳದ ನಡುವೆ ಸಿಕ್ಕಿಹಾಕಿಕೊಂಡ ಸಭಾಪಾಲಕರಿಗೆ ಅದು ಬಿಡುಗಡೆ. ಗುಡ್ಡದ ಬದಿಯ ಬಡ ಸಭೆಗೂ ಒಳ್ಳೆಯವರು ಸಿಗಬೇಕಾದರೆ ಸರದಿ ಇರಲೇಬೇಕು. ಗಡಿನಾಡಿನಲ್ಲಂತೂ ಭಾಷೆಯ ಪ್ರಶ್ನೆಯೂ ಇದೆ. ಕನ್ನಡ, ತುಳು, ಮಲಯಾಳ ಮೂರೂ ಬರುವ ಸಭಾಪಾಲಕರು ಎಲ್ಲ ಕಡೆ ಸಿಗುವುದಿಲ್ಲ, ಇದ್ದವರನ್ನೇ ಹಂಚಬೇಕು. ತಕರಾರು ಇರುವುದು ಬೇರೆ ಕಡೆ. ನಮ್ಮಲ್ಲಿ ಬಿಷಪ್ ಆಗುವುದಕ್ಕೆ ಮೊದಲು ಡಯಾಸಿಸ್‌ನ ಕೌನ್ಸಿಲ್‌ನಲ್ಲಿ ಮತ ಬೀಳಬೇಕು, ಅದರಿಂದ ಬಂದ ಪ್ಯಾನೆಲ್‌ನಲ್ಲಿ ಒಬ್ಬರನ್ನು ಸಿನಡ್ ಆರಿಸುತ್ತದೆ. ಮತ ಅಂದ ಮೇಲೆ ಬಣ ಇರುತ್ತದೆ. ಆ ಬಿಸಿ ಆರುವ ಮೊದಲೇ ಪಟ್ಟಿ ಹೊರಬಿದ್ದರೆ ಅದು ಎಷ್ಟೇ ನ್ಯಾಯವಾಗಿರಲಿ, ಜನ ಅದನ್ನು ಲೆಕ್ಕ ಚುಕ್ತಾ ಅಂತಲೇ ಓದುತ್ತಾರೆ. ಮೊದಲ ವರ್ಷ ತುರ್ತಿನದು ಬಿಟ್ಟು ಬೇರೆ ಟ್ರಾನ್ಸ್‌ಫರ್ ಮಾಡುವುದಿಲ್ಲ ಅಂತ ಹೊಸ ಬಿಷಪ್ ಒಬ್ಬರು ಹೇಳಿದರೆ, ಇಂಗ್ಲೆಂಡಿನ ಬಿಷಪ್‌ಗೆ ಕಾನೂನು ಹಾಕಿದ ಕಟ್ಟನ್ನು ಇವರು ತಾವಾಗಿ ಹಾಕಿಕೊಂಡ ಹಾಗೆ ಆಗುತ್ತದೆ. ಅದು ಹೆಚ್ಚು ಕಷ್ಟದ್ದು, ಹೆಚ್ಚು ಬೆಲೆಯದ್ದು.

ಇದು ಹೊಸ ಯೋಚನೆ ಏನೂ ಅಲ್ಲ. ಮೂರನೇ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸಿಪ್ರಿಯನ್ ಅನ್ನುವ ಬಿಷಪ್ ಇದ್ದರು. ಕ್ರೈಸ್ತರಿಗೆ ಕಿರುಕುಳ ಕೊಡುತ್ತಿದ್ದ ಕಾಲದಲ್ಲಿ ಊರು ಬಿಟ್ಟು ಅಡಗಿದ್ದಾಗ ತಮ್ಮ ಪಾದ್ರಿಗಳಿಗೆ ಕಾಗದ ಬರೆದರು. ಬಿಷಪ್ ಆದ ದಿನದಿಂದಲೂ ನಿಮ್ಮ ಸಲಹೆ, ಜನರ ಒಪ್ಪಿಗೆ ಇಲ್ಲದೆ ನನ್ನಷ್ಟಕ್ಕೆ ಏನೂ ಮಾಡಬಾರದು ಅಂತ ತೀರ್ಮಾನ ಮಾಡಿಕೊಂಡಿದ್ದೇನೆ ಅನ್ನುವುದು ಅದರಲ್ಲಿದೆ. ಅವರು ಅದನ್ನು ಯಾವಾಗಲೂ ಪಾಲಿಸಿದರು ಅಂತಲ್ಲ, ಸ್ವಭಾವ ಸ್ವಲ್ಪ ಖಡಕ್. ನಮ್ಮ ಕಡೆಯ ಉದಾಹರಣೆ ಬೇಕಾದರೆ ವೇದನಾಯಗಂ ಸ್ಯಾಮ್ಯುಯೆಲ್ ಅಜರಾಯ ಇದ್ದಾರೆ. 1912ರ ಡಿಸೆಂಬರಿನಲ್ಲಿ ಕಲ್ಕತ್ತದಲ್ಲಿ ಅಭಿಷೇಕವಾಗಿ ತೆಲುಗು ನಾಡಿನ ದೋರ್ನಕಲ್‌ಗೆ ಹೋದ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅದಕ್ಕೆ ಎರಡು ವರ್ಷ ಮೊದಲು, 1910ರಲ್ಲಿ, ಎಡಿನ್‌ಬರೋದ ಮಿಷನರಿ ಸಮ್ಮೇಳನದಲ್ಲಿ ಬಿಳಿಯ ಮಿಷನರಿಗಳ ಎದುರೇ ಅವರು ಹೇಳಿದ ಮಾತಿನ ಸಾರ ಇಷ್ಟು: ನೀವು ನಮಗಾಗಿ ಆಸ್ತಿ ಕೊಟ್ಟಿರಿ, ಮೈ ಸವೆಸಿದಿರಿ, ನಮಗೆ ಬೇಕಾಗಿರುವುದು ಸ್ನೇಹಿತರು. ಬಿಷಪ್ ಆದ ಮೇಲೆ ಅದೇ ಅಜರಾಯರಿಗೆ ತಮ್ಮ ಕೈಕೆಳಗಿನ ಹಳ್ಳಿ ಪಾದ್ರಿಗಳ ವಿಷಯದಲ್ಲಿ ಆ ಮಾತನ್ನು ತಾವೇ ಉಳಿಸಿಕೊಳ್ಳಬೇಕಾಯಿತು. ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ತಿರುಗಿದರು.

ಹಾಗಾದರೆ ಮಗಳು ಏನು ಗಮನಿಸಬೇಕು? ಬಿಷಪ್ ಪ್ರಸಂಗ ಚೆನ್ನಾಗಿತ್ತಾ ಅನ್ನುವುದಕ್ಕಿಂತ ಬೇರೆ ಸಣ್ಣ ವಿಷಯಗಳನ್ನು ನೋಡಲಿ. ಆರಾಧನೆ ಮುಗಿದ ಮೇಲೆ ಬಿಷಪ್ ಕಾರು ಹತ್ತಿ ಹೊರಟರಾ, ವಿಕಾರ್ ಜೊತೆ ಅರ್ಧ ಗಂಟೆ ಕೂತರಾ? ಉಳಿದ ಮೂರು ಚರ್ಚುಗಳ ಬಗ್ಗೆ ಕೇಳಿದರಾ? ಮುಂದೆ ವಿಕಾರ್ ಕಾಯಿಲೆ ಬಿದ್ದರೆ ಭಾನುವಾರಕ್ಕೆ ಬದಲಿ ಕಳಿಸಿದವರು ಯಾರು? ಅವಳಿಗೆ ಹೇಳುವುದು ಏನಾದರೂ ಇದ್ದರೆ ಬಿಷಪ್‌ಗೆ ನೇರವಾಗಿ ಕಾಗದ ಬರೆಯಬಹುದು, ಅಲ್ಲಿ ಅದು ಸಾಮಾನ್ಯ. ಒಳ್ಳೆಯ ವಿಕಾರ್ ಬಗ್ಗೆ ಒಳ್ಳೆಯ ಮಾತು ಬರೆದರೆ ಇನ್ನೂ ಒಳ್ಳೆಯದು. ಬಿಷಪ್ ಮೇಜಿಗೆ ದೂರಿನ ಕಾಗದ ಬರುವಷ್ಟು ಸುಲಭವಾಗಿ ಅಂಥದ್ದು ಬರುವುದಿಲ್ಲ.

ಇನ್ನು ಕನ್ನಡದ ಪ್ರಾರ್ಥನೆ. ಧಾರಾಳವಾಗಿ ಮಾಡಲಿ. ಅವಳಿಗೆ ಕೊಟ್ಟಿರುವುದು ಬಹುಶಃ ಮಧ್ಯಸ್ಥಿಕೆಯ ಪ್ರಾರ್ಥನೆ, ಅಂದರೆ ಬೇರೆಯವರಿಗಾಗಿ ಬೇಡುವುದು. ಅಲ್ಲಿ ಪುಸ್ತಕದ ಮಾತುಗಳನ್ನೇ ಹೇಳಬೇಕು ಅಂತಿಲ್ಲ, ಸ್ವಂತ ಮಾತಿಗೆ ಜಾಗ ಇದೆ. ನಾಲ್ಕೈದು ವಾಕ್ಯ ಸಾಕು. ಇಂಗ್ಲಿಷ್ ಅರ್ಥವನ್ನು ಆ ದಿನದ ಹಾಳೆಯಲ್ಲಿ ಅಚ್ಚು ಹಾಕಿಸಲು ಮೊದಲೇ ವಿಕಾರ್ ಕೈಗೆ ಕೊಡಲಿ, ಕೊನೆಯ ಗಳಿಗೆಯಲ್ಲಿ ಸುಮ್ನೆ ಗಡಿಬಿಡಿ ಬೇಡ. ಪ್ರತಿ ಭಾಗದ ಕೊನೆಗೆ ‘ಲಾರ್ಡ್, ಇನ್ ಯುವರ್ ಮರ್ಸಿ’ ಅಂತ ಇಂಗ್ಲಿಷ್‌ನಲ್ಲೇ ಹೇಳಿದರೆ ಜನ ತಾವಾಗಿ ಉತ್ತರ ಕೊಡುತ್ತಾರೆ, ಇಲ್ಲದಿದ್ದರೆ ಎಲ್ಲಿ ನಿಲ್ಲಿಸಿದಳು ಅಂತ ಗೊತ್ತಾಗದೆ ಪಿಳಿಪಿಳಿ ನೋಡುತ್ತಾ ಕೂರುತ್ತಾರೆ. ಪ್ರಾರ್ಥನೆಯಲ್ಲಿ ಬಿಷಪ್ ಹೆಸರು ಹೇಳುವುದು ಅಲ್ಲಿಯ ರೂಢಿ, ಪಕ್ಕದಲ್ಲೇ ವಿಕಾರ್ ಹೆಸರನ್ನೂ ಸೇರಿಸಲಿ. ಹೆಸರಿನ ಉಚ್ಚಾರ ಮೊದಲೇ ಕೇಳಿಟ್ಟುಕೊಳ್ಳಲಿ. ಎದುರು ಸಿಕ್ಕಾಗ ‘ಬಿಷಪ್’ ಅಂದು ಅವರ ಮೊದಲ ಹೆಸರು ಹೇಳಿದರೆ ಸಾಕು, ಉಂಗುರಕ್ಕೆ ಮುತ್ತು ಕೊಡುವುದು, ಕಾಲಿಗೆ ಬೀಳುವುದು ಯಾವುದೂ ಬೇಡ. ಕರ್ತನ ಪ್ರಾರ್ಥನೆಯನ್ನು ಅವರವರ ಭಾಷೆಯಲ್ಲಿ ಹೇಳಿ ಅಂತ ಎಷ್ಟೋ ಚರ್ಚುಗಳಲ್ಲಿ ಕರೆ ಕೊಡುತ್ತಾರೆ. ಹಾಗೆ ಹೇಳಿದರೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಸಂಕೋಚ ಇಲ್ಲದೆ ಶುರು ಮಾಡಲಿ. ನಮ್ಮದು ಇಂಗ್ಲಿಷ್‌ಗಿಂತ ಸ್ವಲ್ಪ ಉದ್ದ, ಅವರು ಆಮೆನ್ ಅಂದ ಮೇಲೂ ಒಂದು ಸಾಲು ಉಳಿದೀತು. ಕಾಯುತ್ತಾರೆ.